ಅಂಕ ಕೊಟ್ಟರೆ ಮನಸ್ಸು ವಾಸಿಯಾಗುವುದೇ?

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕರ್ನಾಟಕ 2021ರಲ್ಲಿ ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾನೂನು ಮಾಡಿ ಆ ಆಟಗಳನ್ನು ನಿಲ್ಲಿಸಬೇಕಾಯಿತು. ಆದರೆ ಆ ಆಟಗಳು ಬಳಸುತ್ತಿದ್ದ ಗಾಳ ಹೋಗಿಲ್ಲ. ಅಂಕ, ಪದಕ, ದಿನ ತಪ್ಪದೆ ಬಂದವರಿಗೆ ಬಹುಮಾನ, ಇವೆಲ್ಲ ಈಗ ಮಾನಸಿಕ ಆರೋಗ್ಯದ ಆ್ಯಪ್‌ಗಳೊಳಗೆ ಕುಳಿತು ಚಿಕಿತ್ಸೆಯ ಹೆಸರು ಪಡೆದಿವೆ. ತಾಲ್ಲೂಕಿನಲ್ಲಿ ಮನೋವೈದ್ಯರು ಸಿಗದಿದ್ದರೇನು, ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ ಎಂಬ ವಾದವೂ ಅದರ ಹಿಂದೆಯೇ ಬರುತ್ತದೆ. ಹಾಸನ ಜಿಲ್ಲೆಯ ಜನ ಈ ವಾದಕ್ಕೆ ತಲೆಯಾಡಿಸಬಾರದು.

ಆಟವೇ ಕೆಟ್ಟದ್ದು ಎಂಬುದು ನನ್ನ ತಕರಾರಲ್ಲ. ನ್ಯೂಜಿಲೆಂಡ್‌ನ ‘ಸ್ಪಾರ್ಕ್ಸ್’ ಎಂಬ ಆಟವನ್ನು ಖಿನ್ನತೆಯಿಂದ ನೆರವು ಕೇಳಿ ಬಂದ 187 ಹದಿಹರೆಯದವರ ಮೇಲೆ ಪರೀಕ್ಷಿಸಿದರು. ಮಾಮೂಲಿ ಚಿಕಿತ್ಸೆಗಿಂತ ಅದರ ಫಲ ಕಡಿಮೆಯಿರಲಿಲ್ಲ ಎಂದು 2012ರಲ್ಲಿ ವರದಿಯಾಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ‘ಎಂಡೆವರ್‌ಆರ್‌ಎಕ್ಸ್’ ಆಟಕ್ಕೆ ಒಪ್ಪಿಗೆ ಕೊಟ್ಟಿತು. ಆಗ ಅದು ಗಮನದ ಕೊರತೆಯಿರುವ 8ರಿಂದ 12 ವರ್ಷದ ಮಕ್ಕಳಿಗೆ ಮಾತ್ರವಿತ್ತು. ವೈದ್ಯರ ಚೀಟಿ ಬೇಕಿತ್ತು, ಉಳಿದ ಚಿಕಿತ್ಸೆಯೂ ಜೊತೆಗೆ ನಡೆಯಬೇಕಿತ್ತು. ಯಾರಿಗೆ, ಎಷ್ಟು, ಯಾರ ನಿಗಾದಲ್ಲಿ ಎಂಬುದು ತೀರ್ಮಾನವಾದ ಮೇಲೆ ಆಟವೂ ಔಷಧವಾದೀತು.

ಮಾರುಕಟ್ಟೆಯಲ್ಲಿರುವ ಹೆಚ್ಚಿನವು ಹಾಗಿಲ್ಲ. 93 ಆ್ಯಪ್‌ಗಳ ಬಳಕೆಯನ್ನು ಅಳೆದ 2019ರ ಅಧ್ಯಯನವೊಂದರ ಪ್ರಕಾರ, ಹದಿನೈದು ದಿನ ಕಳೆಯುವಷ್ಟರಲ್ಲಿ ಉಳಿದವರು ಶೇ 4ಕ್ಕಿಂತ ಕಡಿಮೆ. ಕಂಪನಿಗಳು ಇದಕ್ಕೆ ಕಂಡುಕೊಂಡ ಮದ್ದು ಇನ್ನಷ್ಟು ಪದಕ, ಇನ್ನಷ್ಟು ನೋಟಿಫಿಕೇಶನ್. ಖಿನ್ನತೆಯಲ್ಲಿರುವವರಿಗೆ ಹಾಸಿಗೆ ಬಿಟ್ಟು ಏಳುವುದೇ ದೊಡ್ಡ ಕೆಲಸ. ಒಂದು ದಿನ ತಪ್ಪಿತೆಂದು ಅಷ್ಟೂ ದಿನಗಳ ಲೆಕ್ಕವನ್ನು ಸೊನ್ನೆಗಿಳಿಸಿ ತೋರಿಸುವ ಪರದೆ, ‘ನನ್ನ ಕೈಲಿ ಏನೂ ಆಗಲ್ಲ’ ಎಂಬ ಅವರ ಒಳಗಿನ ಮಾತಿಗೆ ಸಾಕ್ಷಿ ಹೇಳಿದಂತಾಗುತ್ತದೆ. ಬಳಸುವವರು ಆ್ಯಪ್‌ನಲ್ಲೇ ಉಳಿದರೆ ಕಂಪನಿಗೆ ಲಾಭ. ಅದನ್ನು ಬದಿಗಿಟ್ಟು ಬದುಕಿಗೆ ಮರಳಿದರೆ ಚಿಕಿತ್ಸೆಗೆ ಗೆಲುವು. ಮೊಬೈಲ್ ಬಿಡಲಾಗದವರಿಗಾಗಿ ನಿಮ್ಹಾನ್ಸ್ 2014ರಿಂದ ‘ಶಟ್’ ಕ್ಲಿನಿಕ್ ನಡೆಸುತ್ತಿರುವ ರಾಜ್ಯ ನಮ್ಮದು ಎಂಬುದು ನೆನಪಿರಲಿ.

ಹಾಸನಕ್ಕೆ ಬನ್ನಿ. 2025ರ ಜೂನ್–ಜುಲೈನಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಮೇಲೊಂದು ಬಂದಾಗ ಜನ ಜಯದೇವ ಆಸ್ಪತ್ರೆಗೆ ಮುಗಿಬಿದ್ದರು. ಸಾವುಗಳಲ್ಲಿ ಅಸಹಜ ಏರಿಕೆಯಿಲ್ಲ ಎಂದು ತಜ್ಞರ ಸಮಿತಿ ಹೇಳಿತು. ಆದರೆ ಭಯ ಸುಳ್ಳಾಗಿರಲಿಲ್ಲ. ಇಸಿಜಿ ನೋಡಿ, ಎದುರು ಕೂರಿಸಿಕೊಂಡು, ‘ಇದು ಗಾಬರಿ, ಇದಕ್ಕೂ ಔಷಧಿ ಇದೆ’ ಎನ್ನುವವರು ಆಗ ಬೇಕಿತ್ತು. ಬೆಲೆ ಬಿದ್ದ ವರ್ಷ ಅರಕಲಗೂಡಿನ ಹೊಗೆಸೊಪ್ಪಿನ ರೈತರಿಗೋ ಚನ್ನರಾಯಪಟ್ಟಣದ ತೆಂಗು ಬೆಳೆಗಾರರಿಗೋ ಸಾಲದ ಚಿಂತೆಯಲ್ಲಿ ನಿದ್ದೆ ಹತ್ತುವುದಿಲ್ಲ. ಉಸಿರಾಟದ ಆಟದಲ್ಲಿ ಹತ್ತು ಅಂಕ ಗಳಿಸಿದರೆ ಸಾಲ ತೀರುವುದಿಲ್ಲ.

ಗೋಪ್ಯತೆಯ ಪ್ರಶ್ನೆಯೂ ಇದೆ. ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮುಂತಾದವಕ್ಕೆ ಕೊಟ್ಟ ಆರೋಪದಲ್ಲಿ ಅಮೆರಿಕದ ಆನ್‌ಲೈನ್ ಆಪ್ತಸಮಾಲೋಚನೆ ಕಂಪನಿ ‘ಬೆಟರ್‌ಹೆಲ್ಪ್’ 2023ರಲ್ಲಿ 78 ಲಕ್ಷ ಡಾಲರ್ ತೆರಲು ಒಪ್ಪಿತು. ಇಷ್ಟು ದೂರದ ಉದಾಹರಣೆ ಹಾಸನ, ಹೊಳೆನರಸೀಪುರದವರಿಗೆ ಬೇಕಿಲ್ಲ. 2024ರ ಚುನಾವಣೆ ಹೊತ್ತಿನಲ್ಲಿ ಹೆಣ್ಣುಮಕ್ಕಳ ಖಾಸಗಿ ವಿಡಿಯೊಗಳು ಪೆನ್‌ಡ್ರೈವ್‌ಗಳಲ್ಲಿ ಹರಿದಾಡಿದ್ದನ್ನು ಈ ಜಿಲ್ಲೆ ಕಂಡಿದೆ. ಮನಸ್ಸಿನ ನೋವನ್ನು ಮೊಬೈಲ್‌ಗೆ ಹೇಳು ಎಂದು ಇಲ್ಲಿನ ಹೆಣ್ಣುಮಗಳಿಗೆ ಯಾವ ಬಾಯಲ್ಲಿ ಹೇಳುವುದು?

ದಾರಿ ಹೊಸದಾಗಿ ಹುಡುಕಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಕಾರ್ಯಕರ್ತರಿಗೇ ತರಬೇತಿ ಕೊಟ್ಟು ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಯೋಜನೆಯ ಮಂಗಳವಾರದ ಕ್ಲಿನಿಕ್ ಇದೆ. 14416ಕ್ಕೆ ಕರೆ ಮಾಡಿದರೆ ಟೆಲಿಮಾನಸ್‌ನಲ್ಲಿ ಕನ್ನಡದಲ್ಲಿ ಮಾತನಾಡುವವರು ಸಿಗುತ್ತಾರೆ. ಆಟದ ಆ್ಯಪ್ ಬರುವುದಾದರೆ ಇವರ ಕೈಕೆಳಗೆ ಬರಲಿ: ಕನ್ನಡದಲ್ಲಿ ಪರೀಕ್ಷೆಯಾಗಲಿ, ದಿನ ತಪ್ಪಿದವರನ್ನು ದಂಡಿಸದಿರಲಿ, ಮಾಹಿತಿ ಮಾರದಿರಲಿ, ಅಪಾಯ ಕಂಡೊಡನೆ ಮನುಷ್ಯರಿಗೆ ಒಪ್ಪಿಸಲಿ. ಅದಕ್ಕೆ ಸರ್ಕಾರ ಒಂದು ರೂಪಾಯಿ ಕೊಡುವ ಮೊದಲು, ಹಾಸನ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಗಳ ಮಂಗಳವಾರದ ಕ್ಲಿನಿಕ್‌ಗೆ ಮನೋವೈದ್ಯರು ತಪ್ಪದೆ ಬರುತ್ತಿದ್ದಾರೆಯೇ ಎಂಬ ಲೆಕ್ಕವನ್ನು ಜನರ ಮುಂದಿಡಲಿ.