ಗಾಡಿ ಓಡಿಲ್ಲಂದ್ರ ಎಣ್ಣಿ ಕೆಡಂಗಿಲ್ಲೇನ್ರಿ?

ತುಟ್ಟಿ ಕಾರು ಇದ್ದವರ ಮನ್ಯಾಗ ಒಂದು ಮಾತು ಕಾಯಂ ಕೇಳಿಸ್ತದ. "ಇದು ಅಂಥಿಂಥಾ ಗಾಡಿ ಅಲ್ಲ, ಇದಕ್ಕ ಘಡಿ ಘಡಿಗೆ ಆಯಿಲ್ ಬದಲಿ ಮಾಡೋದು ಬೇಕಾಗಂಗಿಲ್ಲ." ಹೇಳೋರು ಗಂಡಸರು, ಕೇಳಿ ಸುಮ್ಮನಾಗೋರು ನಾವು. ಈ ಮಾತು ತಪ್ಪು ಅಂತ ಹೇಳಲಿಕ್ಕೇ ಇವತ್ತು ಬರೀಲಿಕ್ಕೆ ಕೂತೀನಿ. "ಉಪ್ಪಿನಕಾಯಿ, ಸಂಡಗಿ ಬಿಟ್ಟು ಕಾರಿನ ಆಯಿಲಿಗೆ ಯಾವಾಗ ಬಂದ್ಯೋ?" ಅಂತ ನಮ್ಮ ಮನೆಯವರು ನಕ್ಕರು. ನಗಲಿ. ಎಣ್ಣಿ ಅಂದಮ್ಯಾಲೆ ಅದು ನಮ್ಮ ಖಾತೆನೇ.

ಈಗ ನಮ್ಮ ಬಳಗದೊಳಗನ ನಾಕೈದು ಮನಿ ಮುಂದ ದೊಡ್ಡ ಕಾರು ನಿಂತಾವ. ಒಂದೆರಡು ಹೊಸಾವು. ಉಳಿದಾವೆಲ್ಲ ಬೆಂಗಳೂರು, ಪುಣೆ ಕಡೆಯಿಂದ ಬಂದ ಸೆಕೆಂಡ್ ಹ್ಯಾಂಡ್. ದಿನಾ ಅವು ಮಾಡೋ ಕೆಲಸ ಏನು? ಮುಂಜಾನೆ ಹುಡುಗರನ್ನ ಸಾಲಿಗೆ ಬಿಡೋದು, ಸಂಜಿಗೆ ಮಾರ್ಕೆಟ್ಟು, ಗುರುವಾರ ಮಠ, ಮದುವಿ ಸೀಜನ್ನಿನಾಗ ಹುಬ್ಬಳ್ಳಿ–ಧಾರವಾಡದ 20 ಕಿಲೋಮೀಟರ್. ಉಳಿದ ಹೊತ್ತು ಹೊದಿಕಿ ಹೊದ್ದು ನಿಂತಿರ್ತಾವ. ವರ್ಷಕ್ಕ ನಾಕು ಸಾವಿರ ಕಿಲೋಮೀಟರ್ ಓಡಿದ್ರ ಭಾಳ. "15,000 ಆಗಬೇಕಂದ್ರ ಇನ್ನೂ ಮೂರು ವರ್ಷ ಬೇಕು, ಆಮ್ಯಾಲೆ ನೋಡೋಣ" ಅಂತ ಮನಿ ಯಜಮಾನರು ಲೆಕ್ಕ ಹಾಕ್ತಾರ. ನನ್ನ ಜಗಳ ಈ ಲೆಕ್ಕದ ಜೋಡಿ.

ನನ್ನ ಮಾತು ಇಷ್ಟ. ಕಾರು ಎಷ್ಟೇ ತುಟ್ಟಿದಿರಲಿ, ಎಷ್ಟೇ ಕಡಿಮಿ ಓಡಿರಲಿ, ವರ್ಷಕ್ಕ ಒಂದು ಸಲ ಇಂಜಿನ್ ಎಣ್ಣಿ ಮತ್ತ ಅದರ ಫಿಲ್ಟರ್ ಬದಲಿ ಆಗಲೇಬೇಕು. ಊರೊಳಗ ಸಣ್ಣ ಸಣ್ಣ ಓಡಾಟನೇ ಹೆಚ್ಚಿದ್ರ, ಇಲ್ಲಾ ಟ್ರಾಫಿಕ್ಕಿನಾಗ ನಿಲ್ಲೋದೇ ಹೆಚ್ಚಿದ್ರ, ಪುಸ್ತಕದೊಳಗ ಬರೆದ ಕಿಲೋಮೀಟರಿನ ಅರ್ಧಕ್ಕ ಬದಲಿ ಮಾಡಿಸಬೇಕು. ಯಾಕಂತ ಹೇಳ್ತೀನಿ, ಕೇಳ್ರಿ.

ಮೊದಲನೇ ವಾದ: "ಗಾಡಿ ಓಡೇ ಇಲ್ಲ, ಎಣ್ಣಿ ಹ್ಯಾಂಗ ಕೆಡ್ತದ?"

ಸೀಲ್ ಒಡೀದ ಡಬ್ಬಿಯೊಳಗಿನ ಇಂಜಿನ್ ಎಣ್ಣಿ ವರ್ಷಗಟ್ಟಲೆ ಛಲೋ ಇರ್ತದ, ಒಪ್ಪಿಕೊಳ್ತೀನಿ. ಆದ್ರ ಒಂದು ಸಲ ಇಂಜಿನ್ನಿಗೆ ಹಾಕಿ ಗಾಡಿ ಚಾಲೂ ಮಾಡಿದ್ರಿ ಅಂದ್ರ ಅದರ ಜಾತಕನೇ ಬ್ಯಾರೆ. ಕರದ ಎಣ್ಣಿ, ಕರೀದ ಎಣ್ಣಿ ಎರಡೂ ಒಂದೇ ಅಂತ ನಾವು ಎಂದರೆ ಅಂದೀವೇನು?

ಒಂದು ಲೀಟರ್ ಪೆಟ್ರೋಲ್ ಸುಟ್ರ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟತದ. ನಂಬಲಿಕ್ಕಾಗಂಗಿಲ್ಲ, ಆದ್ರ ಖರೇ. ಮುಂಜಾನೆ ಥಂಡಿಯೊಳಗ ಸೈಲೆನ್ಸರಿನಿಂದ ಹನಿ ಹನಿ ನೀರು ತೊಟ್ಟಿಕ್ಕೋದನ್ನ ನೀವೂ ನೋಡೀರಿ. ಅದರೊಳಗ ಬಹುಪಾಲು ಉಗಿಯಾಗಿ ಹೊರಗ ಹೋಗ್ತದ. ತುಸು ಭಾಗ ಪಿಸ್ಟನ್ ಸಂದಿಯಿಂದ ಕೆಳಗ ಇಳದು ಎಣ್ಣಿಗೆ ಸೇರ್ತದ. ಅದರ ಜೋಡಿ ಪೂರಾ ಸುಡದ ಪೆಟ್ರೋಲೂ ಇಳೀತದ. ಎಣ್ಣಿ ಛಂದಂಗೆ ಕಾದ್ರ ಇವೆರಡೂ ಆವಿಯಾಗಿ ಹೋಗ್ತಾವ. ಸಾರು ಕುದ್ದು ಕುದ್ದು ನೀರು ಇಂಗಿದಂಗ.

ಈಗ ನಮ್ಮ ಓಡಾಟ ನೋಡ್ರಿ. ಮನಿಯಿಂದ ಸಾಲಿಗೆ ಎರಡೂವರೆ ಕಿಲೋಮೀಟರ್. ಅಷ್ಟರೊಳಗ ಇಂಜಿನ್ನಿನ ನೀರು ಬಿಸಿ ಆಗಿ ಮುಳ್ಳು ನಡುವಿಗೆ ಬಂದಿರಬಹುದು, ಆದ್ರ ಎಣ್ಣಿ ಕಾಯೋದು ಅದಕ್ಕಿಂತ ತಡ. ಎಣ್ಣಿ ಬೆಚ್ಚಗಾಗೋದ್ರೊಳಗ ಕೀಲಿ ತಿರುವಿ ಇಳದುಬಿಡ್ತೀವಿ. ನೀರು, ಪೆಟ್ರೋಲು ಎರಡೂ ಒಳಗ ಉಳೀತಾವ. ಮರುದಿನ ಮತ್ತ ಅದೇ. ಹಿಂಗ ತಿಂಗಳಾನುಗಟ್ಟಲೆ ಆದ್ರ ಎಣ್ಣಿ ತೆಳ್ಳಗಾಗ್ತದ, ಹುಳಿ ಹಿಡೀತದ, ಒಲಿ ಹಿಂದಿನ ಗ್ವಾಡಿಗೆ ಹತ್ತತದಲ್ಲ ಜಿಡ್ಡು, ಅಂಥಾದ್ದು ಒಳಗೆಲ್ಲ ಕೂಡ್ತದ. ಈ ಜಿಡ್ಡು, ಮಸಿ, ಹುಳಿಯನ್ನ ತಡೀಲಿಕ್ಕೆ ಎಣ್ಣಿಯೊಳಗ ಮೊದಲೇ ಮದ್ದು ಬೆರೆಸಿರ್ತಾರ. ಮದ್ದು ತನ್ನ ಕೆಲಸ ಮಾಡ್ತಾ ಮಾಡ್ತಾ ಮುಗೀತದ. ಮುಗಿದ ಮ್ಯಾಲೆ ಉಳಿಯೋದು ಬರೇ ಎಣ್ಣಿ.

ಡೀಸೆಲ್ ಗಾಡಿ ಇದ್ದವರ ಪಾಡು ಇನ್ನೂ ಒಂದು ಕೈ ಮ್ಯಾಲೆ. ಈಗಿನ ಡೀಸೆಲ್ ಗಾಡಿಗೆ ಹೊಗಿಯೊಳಗಿನ ಮಸಿ ಹಿಡಿಯೋ ಒಂದು ಜಾಳಿಗಿ ಇರ್ತದ, ಡಿಪಿಎಫ್ ಅಂತಾರ. ಅದು ತುಂಬಿದಾಗ ಗಾಡಿ ತಾನಾಗೇ ಹೆಚ್ಚಿಗಿ ಡೀಸೆಲ್ ಹಾಕಿ ಆ ಮಸಿ ಸುಡತದ. ಅದಕ್ಕ ಹೈವೇದಾಗ ಒಂದಿಷ್ಟು ಹೊತ್ತು ಬಿಡದಂಗ ಓಡಬೇಕು. ಸುಡೋದು ಅರ್ಧಕ್ಕ ಬಂದಾಗ ನಾವು ಭಾಜಿ ಅಂಗಡಿ ಮುಂದ ಗಾಡಿ ನಿಲ್ಲಿಸಿದ್ರ ಹೆಚ್ಚಿಗಿ ಡೀಸೆಲ್ ಹೋಗಿ ಎಣ್ಣಿಗೆ ಸೇರ್ತದ. ಕೆಲವು ಗಾಡಿಯೊಳಗ ಎಣ್ಣಿ ಕಡಿಮಿ ಆಗೋ ಬದಲಿ ಏರೋದು ಇದಕ್ಕ. ಏರ್ಯಾದ ಅಂತ ಖುಷಿ ಪಡಬ್ಯಾಡ್ರಿ. ಅದು ಹಾಲಿಗೆ ನೀರು ಸೇರಿದ ಲೆಕ್ಕ.

ಅದಕ್ಕ ಯಾವ ಕಂಪನಿ ಪುಸ್ತಕ ತೆಗೆದ್ರೂ ಕಿಲೋಮೀಟರಿನ ಮಗ್ಗಲಿಗೆ ತಿಂಗಳನ್ನೂ ಬರೆದಿರ್ತಾರ. ನಮ್ಮ ದೇಶದಾಗ ದೊಡ್ಡ ಕಾರುಗಳಿಗೆ ಸಾಮಾನ್ಯವಾಗಿ 10,000 ದಿಂದ 15,000 ಕಿಲೋಮೀಟರ್ ಇಲ್ಲಾ ಒಂದು ವರ್ಷ, "ಯಾವುದು ಮೊದಲೋ ಅದು." ಈ ಕಡೇ ಮೂರು ಶಬ್ದ ನಮ್ಮ ಗಂಡಸರ ಕಣ್ಣಿಗೆ ಬೀಳಂಗಿಲ್ಲ.

ಎರಡನೇ ವಾದ: "ಗಾಡಿಯೊಳಗ ಕಂಪ್ಯೂಟರ್ ಅದ. ಟೈಮ್ ಆದಾಗ ಅದೇ ಹೇಳ್ತದ."

ಹೇಳ್ತದ. ಆದ್ರ ಏನು ನೋಡಿ ಹೇಳ್ತದ? ಬಹಳಷ್ಟು ಗಾಡಿಯೊಳಗ ಅದು ಎಣ್ಣಿ ತೆಗೆದು ರುಚಿ ನೋಡಂಗಿಲ್ಲ. ಎಷ್ಟು ಓಡೇದ, ಎಷ್ಟು ಸಲ ಚಾಲೂ ಆಗೇದ, ಎಷ್ಟು ಬಿಸಿ ಇತ್ತು, ಎಷ್ಟು ದಿನ ಆತು ಅಂತ ಅಂದಾಜು ಹಾಕ್ತದ. ಮತ್ತ ಎಣ್ಣಿ ಬದಲಿ ಮಾಡದೇ ಬರೇ ಆ ಸೂಚನೆಯನ್ನ ಸೊನ್ನಿಗೆ ತಿರುಗಿಸಿಡಲಿಕ್ಕೂ ಬರ್ತದ. ಸೆಕೆಂಡ್ ಹ್ಯಾಂಡ್ ತಗೊಂಡವರು ಇದನ್ನ ನೆನಪಿಡ್ರಿ.

ಇನ್ನೊಂದು ಲೆಕ್ಕ ಮಾಡೋಣ, ನಮ್ಮ ಬೆಂಗಳೂರಿನ ಅಕ್ಕಂದಿರಿಗಾಗಿ. ಹೈವೇದಾಗ ತಾಸಿಗೆ 60 ಕಿಲೋಮೀಟರಿನಂಗ 15,000 ಓಡಿದ್ರ ಇಂಜಿನ್ ದುಡಿದದ್ದು 250 ತಾಸು. ಸಿಲ್ಕ್ ಬೋರ್ಡ್, ಹೆಬ್ಬಾಳ ಅಂತ ತಾಸಿಗೆ 20ರಂಗ ತೆವಳಿಕೋತ 15,000 ಮಾಡಿದ್ರ 750 ತಾಸು. ಮೀಟರಿನಾಗ ಎರಡೂ ಒಂದೇ. ಎಣ್ಣಿಗೆ ಮಾತ್ರ ಮೂರು ಪಟ್ಟು ದುಡಿತ. ಎಸಿ ಹಾಕಿ ಸಿಗ್ನಲ್ಲಿನಾಗ ನಿಂತಾಗ ಮೀಟರ್ ಒಂದು ಅಂಗುಲ ಸರಿಯಂಗಿಲ್ಲ, ಇಂಜಿನ್ ತಿರಗತನೇ ಇರ್ತದ. ಇದಕ್ಕ ಎಷ್ಟೋ ಪುಸ್ತಕದೊಳಗ "ಕಠಿಣ ಬಳಕೆ" ಅಂತ ಬ್ಯಾರೆ ಪುಟ ಇರ್ತದ: ಸಣ್ಣ ಪ್ರಯಾಣ, ಧೂಳು, ನಿಂತಲ್ಲೇ ಇಂಜಿನ್ ಚಾಲೂ. ಆ ಪುಟ ಓದ್ರಿ. ನಮ್ಮ ದಿನಚರಿನೇ ಬರೆದಂಗ ಅದ.

ಮೂರನೇ ವಾದ: "ಸಿಂಥೆಟಿಕ್ ಎಣ್ಣಿರಿ, ಜರ್ಮನಿ ಗಾಡಿರಿ. ಅಲ್ಲೆ 30,000 ಓಡಿಸ್ತಾರ."

ಇದರೊಳಗ ಅರ್ಧ ಖರೇ ಅದ. ಸಿಂಥೆಟಿಕ್ ಎಣ್ಣಿ ಗಟ್ಟಿ. ದೊಡ್ಡ ಇಂಜಿನ್ನಿಗೆ ಹೆಚ್ಚಿಗಿನೂ ಹಿಡಿಸ್ತದ. ಸಣ್ಣ ಕಾರಿಗೆ ಸುಮಾರು 3 ಲೀಟರ್ ಆದ್ರ, ಆರು ಸಿಲಿಂಡರಿನ ಗಾಡಿಗೆ ಆರೇಳು ಲೀಟರ್. ಹೆಚ್ಚು ಎಣ್ಣಿ ಇದ್ದಲ್ಲೆ ಹೊಲಸೂ ಹಂಚಿ ಹೋಗ್ತದ. ಯುರೋಪಿನಾಗ ಕೆಲವು ಗಾಡಿಗೆ 30,000 ಕಿಲೋಮೀಟರ್ ಇಲ್ಲಾ 2 ವರ್ಷ ಅಂತ ಬರೆದಿರೋದೂ ಖರೇ. ಅಲ್ಲಿ ಮಂದಿ ಆಟೋಬಾನ್ ಮ್ಯಾಲೆ ಒಂದೇ ಸಮ ಓಡಿಸ್ತಾರ. ನಮ್ಮ ಓಣಿಯ ಉಬ್ಬು–ತಗ್ಗು, ಮಣ್ಣು, ಎಮ್ಮಿ ಹಿಂಡಿನ ನಡುವ ಅಲ್ಲ. ಮತ್ತ ಕಂಪನಿಗಳೂ ತಮ್ಮ ಲೆಕ್ಕ ತಿದ್ದಿಕೊಂಡಾವ. ಅಮೆರಿಕಾದೊಳಗ ಬಿಎಂಡಬ್ಲ್ಯೂ ಮೊದಲು 15,000 ಮೈಲಿ ಇಲ್ಲಾ 2 ವರ್ಷ ಅಂತಿತ್ತು. 2014ರ ಮಾಡೆಲ್ಲಿನಿಂದ ಅದನ್ನ 10,000 ಮೈಲಿ ಇಲ್ಲಾ 1 ವರ್ಷಕ್ಕ ಇಳಿಸಿತು. ಮಾಡಿದವರೇ ಇಳಿಸ್ಯಾರ ಅಂದಮ್ಯಾಲೆ ನಮ್ಮ ಭಾವಂದಿರು ಇನ್ನೂ ಹಳೇ ಮಾತು ಹಿಡಕೊಂಡು ಕೂಡೋದ್ಯಾಕ?

ತುಟ್ಟಿ ಗಾಡಿಗೇ ಎಣ್ಣಿ ಜ್ವಾಕಿ ಹೆಚ್ಚು ಬೇಕು, ಕಡಿಮಿ ಅಲ್ಲ. ಇವುಗಳೊಳಗ ಹೆಚ್ಚಿನವಕ್ಕ ಟರ್ಬೊ ಇರ್ತದ. ಅದರ ದಂಡ ನಿಮಿಷಕ್ಕ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರಗತದ, ಅದೂ ಕೆಂಪಗ ಕಾದ ಹೊಗಿಯ ಮಗ್ಗಲಿಗೆ. ಅದನ್ನ ಹಿಡಿದಿಟ್ಟಿರೋದು ಒಂದು ತೆಳು ಎಣ್ಣಿ ಪದರ, ಅಷ್ಟ. ಎಣ್ಣಿ ಕೆಟ್ಟು ಜಿಡ್ಡಾಗಿ ಸಣ್ಣ ನಳಿಗಿ ಕಟ್ಟಿತಂದ್ರ ಟರ್ಬೊ ಕಥಿ ಮುಗೀತು.

ಈ ದೀರ್ಘ ಅವಧಿಯಿಂದ ಯಾರಿಗೆ ಲಾಭ ಅಂತಲೂ ವಿಚಾರ ಮಾಡ್ರಿ. ಹೊಸಾ ಗಾಡಿ ತಗೊಂಡಾವ ಮೂರು–ನಾಕು ವರ್ಷಕ್ಕ ಮಾರ್ತಾನ. ಅವನ ಕಾಲದಾಗ ಏನೂ ಆಗಂಗಿಲ್ಲ, ಖರ್ಚು ಕಡಿಮಿ, ಅವ ಖುಷಿ. ಒಳಗ ಕೂತ ಜಿಡ್ಡು ಎರಡನೇ ಮಾಲೀಕರಿಗೆ ಬಳುವಳಿ. ನಮ್ಮಂಥ ಊರಾಗ ಆ ಎರಡನೇ ಮಾಲೀಕರು ಯಾರು? ನಾವೇ.

ನಮ್ಮ ಬಳಗದಾಗ ಒಂದು ಮನ್ಯಾಗ ಇದು ಆಗೇದ. ಹೆಸರು ಬ್ಯಾಡ, ಅವರೇ ಬರೀ ಅಂದಾರ. ಆರು ವರ್ಷದ ಗಾಡಿ, ಬರೇ 28,000 ಓಡಿದ್ದು, ಕನ್ನಡಿ ಹಂಗ ಹೊಳೀತಿತ್ತು. ಆರು ವರ್ಷದೊಳಗ ಎಣ್ಣಿ ಬದಲಿ ಆದದ್ದು ಎರಡೇ ಸಲ. "ಓಡೇ ಇಲ್ಲಲ್ಲ" ಅಂತ ಮಾರಿದವರು ಹೇಳಿದ್ದರು, ಇವರೂ ಅದನ್ನೇ ಗುಣ ಅಂತ ತಿಳದ್ರು. ಎಂಟನೇ ತಿಂಗಳಿಗೆ ಮುಂಜಾನೆ ಚಾಲೂ ಮಾಡಿದ್ರ ಒಳಗ ಸರಪಳಿ ಅಳ್ಳಾಡೋ ಸಪ್ಪಳ, ಆಮ್ಯಾಲೆ ನೀಲಿ ಹೊಗಿ. ಬಿಚ್ಚಿ ನೋಡಿದ್ರ ಮುಚ್ಚಳದ ತಳಕ್ಕ ಕಪ್ಪು ಗಸಿ. ಟರ್ಬೊ, ಟೈಮಿಂಗ್ ಚೈನ್, ಕೂಲಿ, ಎಲ್ಲಾ ಕೂಡಿ ಲಕ್ಷ ಲಕ್ಷದ ಮಾತು. ಆ ವೈನಿ ಸಾಲಿಯೊಳಗ ಕಲಿಸಿ, ಮಗಳ ಓದಿಗೆ ಅಂತ ಕೂಡಿಟ್ಟ ಎಫ್‌ಡಿ ಮುರದ್ರು. ಕಾರು ತಗೊಳ್ಳೋ ಮುಂದ ಆಕಿನ್ನ ಬಣ್ಣ ಯಾವುದು ಬೇಕು ಅಂತಷ್ಟೇ ಕೇಳಿದ್ರಂತ. ವರ್ಷಕ್ಕ ಒಂದು ಸಲ ಎಣ್ಣಿ–ಫಿಲ್ಟರಿಗೆ ಆಗೋ ಖರ್ಚು ಒಂದು ಛಲೋ ರೇಷ್ಮಿ ಸೀರಿದಷ್ಟು. ಮುರಿದದ್ದು ಒಂದು ಹುಡುಗಿಯ ಕಾಲೇಜಿನ ರೊಕ್ಕ. "ಕಾರಿನ ವಿಷಯ ನಿಮಗ ತಿಳಿಯಂಗಿಲ್ಲ" ಅನ್ನೋ ಮಾತಿಗೆ ನನ್ನ ಉತ್ತರ ಈ ಎಫ್‌ಡಿ.

ಆದ್ರ ಇನ್ನೊಂದು ಬದಿಗೂ ಹೇಳ್ತೀನಿ. ಕೆಲವು ಗ್ಯಾರೇಜಿನವರು ಮೂರು ತಿಂಗಳಿಗೊಮ್ಮೆ ಕಡ್ಡಿ ಅದ್ದಿ ತೋರಿಸಿ "ನೋಡ್ರಿ ಅಕ್ಕಾರ, ಕರ್ರಗಾಗೇದ" ಅಂತ ಅಂಜಸ್ತಾರ. ಬಣ್ಣ ನೋಡಿ ಅಂಜಬ್ಯಾಡ್ರಿ. ಡೀಸೆಲ್ ಗಾಡಿಯೊಳಗ ಹೊಸಾ ಎಣ್ಣಿ ಕೆಲವೇ ದಿನಕ್ಕ ಕರ್ರಗಾಗ್ತದ, ಮಸಿ ತನ್ನೊಳಗ ಹಿಡಕೊಂಡದ ಅಂತ ಅರ್ಥ. ತಿಂಗಳಿಗೆರಡು ಸಲ ಬೆಂಗಳೂರಿಗೆ ಹೈವೇದಾಗ ಹೋಗಿ ಬರೋ ಗಾಡಿಗೆ 5,000ಕ್ಕೊಮ್ಮೆ ಬದಲಿ ಮಾಡಿಸೋದು ದಂಡ. ಅಂಥಾ ಗಾಡಿ ಪುಸ್ತಕದ ಪ್ರಕಾರ ನಡೀಲಿ. ತೆಗೆದ ಎಣ್ಣಿನೂ ವಿಷನೇ. ಗೆದ್ದಲಿಗೆ ಬಳೀಲಿಕ್ಕೆ ಅಂತ ಮನಿಗೆ ತರಬ್ಯಾಡ್ರಿ, ಗಟಾರಕ್ಕಂತೂ ಬ್ಯಾಡೇ ಬ್ಯಾಡ.

ಈಗ ಮಾಡೋ ಕೆಲಸ ಹೇಳ್ತೀನಿ, ಭಾಳಿಲ್ಲ.

ಗಾಡಿಯ ಪುಸ್ತಕ ತೆಗೆದು ಹಿಂದಿನ ಸಲ ಎಣ್ಣಿ ಬದಲಿ ಆದ ತಾರೀಖು ನೋಡ್ರಿ. ವರ್ಷ ದಾಟಿದ್ರ ಈ ವಾರನೇ ಕಳಿಸ್ರಿ. ಸೆಕೆಂಡ್ ಹ್ಯಾಂಡ್ ತಗೊಂಡಿದ್ರ ಮಾರಿದವರ ಮಾತು ಬಿಟ್ಟು ಬಿಲ್ಲು ಕೇಳ್ರಿ. ಬಿಲ್ಲು ಇಲ್ಲಂದ್ರ ಎಣ್ಣಿ ಬದಲಿ ಆಗಿಲ್ಲ ಅಂತನೇ ತಿಳದು ಹೊಸಾದು ಹಾಕಸ್ರಿ.

ಯಾವ ಎಣ್ಣಿ ಅನ್ನೋದು ಪುಸ್ತಕದಾಗ ಇರ್ತದ. 5ಡಬ್ಲ್ಯೂ-30, 0ಡಬ್ಲ್ಯೂ-20 ಅನ್ನೋದು ಎಣ್ಣಿಯ ದಪ್ಪ–ತೆಳು. ಅದಷ್ಟೇ ಸಾಲಂಗಿಲ್ಲ. ಕಂಪನಿಯ ಒಪ್ಪಿಗಿ ನಂಬರೂ ಕೂಡಬೇಕು. ಬಿಎಂಡಬ್ಲ್ಯೂಗೆ ಲಾಂಗ್‌ಲೈಫ್-04, ಮರ್ಸಿಡಿಸ್‌ಗೆ 229.52, ಆಡಿಗೆ 504 00/507 00, ಇಂಥಾವು. ನಿಮ್ಮ ಗಾಡಿಗೆ ಯಾವುದು ಅಂತ ಪುಸ್ತಕದಾಗ ನೋಡ್ರಿ, ಡಬ್ಬಿ ಮ್ಯಾಲೆ ಅದೇ ಅದ ಏನು ತಾಳೆ ಹಾಕ್ರಿ. ಬಿಲ್ಲಿನಾಗ ಎಷ್ಟು ಲೀಟರ್, ಯಾವ ಎಣ್ಣಿ, ಫಿಲ್ಟರ್ ಹೊಸಾದು ಹೌದೋ ಅಲ್ಲೋ, ಮೂರೂ ಇರಲಿ.

ಮತ್ತ ನೀವೇ ಗಾಡಿ ಓಡಿಸೋರಿದ್ರ ಇದೊಂದು ಮರೀಬ್ಯಾಡ್ರಿ. ಮುಂದಿನ ಫಲಕದಾಗ ಎಣ್ಣಿ ಗಿಂಡಿ ಚಿತ್ರ ಕೆಂಪಗ ಹತ್ತಿದ್ರ ಅದು ಸರ್ವಿಸ್ ನೆನಪಲ್ಲ, ಎಣ್ಣಿಯ ಒತ್ತಡ ಇಲ್ಲ ಅಂತ ಗಾಡಿ ಒದರೋದು. ಮಗ್ಗಲಿಗೆ ನಿಲ್ಲಿಸಿ ಇಂಜಿನ್ ಬಂದ್ ಮಾಡಿ ಫೋನ್ ಹಚ್ಚರಿ. "ಮನಿ ತನಕ ಹೋಗಿಬಿಡ್ತೀನಿ" ಅನ್ನಬ್ಯಾಡ್ರಿ. ಆ ಎರಡು ಕಿಲೋಮೀಟರಿನಾಗ ಇಂಜಿನ್ ಹೋಗಬಹುದು. ಹಳದಿ ಗಿಂಡಿ ಹತ್ತಿದ್ರ ಸಾಮಾನ್ಯವಾಗಿ ಎಣ್ಣಿ ಕಡಿಮಿ ಆಗೇದ ಅಂತ. ಈಗಿನ ಎಷ್ಟೋ ದೊಡ್ಡ ಗಾಡಿಗೆ ಅದ್ದಿ ನೋಡೋ ಕಡ್ಡಿನೇ ಇರಂಗಿಲ್ಲ, ಪರದೆ ಮ್ಯಾಲೆ ನೋಡಬೇಕು. ತಿಂಗಳಿಗೊಮ್ಮೆ ನೋಡೋ ರೂಢಿ ಇಟ್ಕೊಳ್ರಿ.

ಯುಗಾದಿಗೆ ವರ್ಷದ ಹುಣಸಿಹಣ್ಣು, ಖಾರಪುಡಿ ಲೆಕ್ಕ ಹಾಕ್ತೀವಲ್ಲ, ಅದೇ ಚೀಟಿಯೊಳಗ ಕಾರಿನ ಎಣ್ಣಿನೂ ಒಂದು ಸಾಲು ಬರೀರಿ. ಗಾಡಿ ಕೀಲಿ ಯಾರ ಕಿಸೆದಾಗರ ಇರಲಿ, ಸರ್ವಿಸ್ ಪುಸ್ತಕ ಮಾತ್ರ ನಿಮ್ಮ ಕಪಾಟಿನಾಗ ಇಟ್ಕೊಳ್ರಿ. ಇವತ್ತು ರಾತ್ರಿ ಊಟ ಆದಮ್ಯಾಲೆ ತೆಗೆದು ತಾರೀಖು ನೋಡ್ರಿ, ನಾಳೆ ಸಿಕ್ಕಾಗ ನನಗ ಹೇಳ್ರಿ.