ಬ್ಯಾಟರಿ ಡಿಕ್ಕಿಗೆ ಹೋಗುವ ಮೊದಲು ನೀರು ಹೊರಗೆ ಹೋಗಲಿ

ಹಳೆಯ ಕಾರಿನ ಬ್ಯಾಟರಿಯನ್ನು ಬಾನೆಟ್ಟಿನೊಳಗಿಂದ ತೆಗೆದು ಹಿಂದಿನ ಡಿಕ್ಕಿಯಲ್ಲಿ ಕೂಡಿಸುವ ಮಾತು ನಮ್ಮ ರಾಜೇಶ್ವರದ ಕಡೆ ಆಗಾಗ ಕಿವಿಗೆ ಬೀಳುತ್ತದೆ. ಯಾಕೆ ಅಂತ ಕೇಳಿದರೆ ಮೂರು ಕಾರಣ ಹೇಳುತ್ತಾರೆ. ಬೇಸಿಗೆಯಲ್ಲಿ ಎಂಜಿನ್ನಿನ ಬಿಸಿಗೆ ಬ್ಯಾಟರಿ ಬೇಗ ಸಾಯುತ್ತದೆ. ದೊಡ್ಡ ಬ್ಯಾಟರಿ ಹಾಕಲು ಮುಂದೆ ಜಾಗ ಸಾಲದು. ಹಿಂದೆ ಇದ್ದರೆ ಹೊಲದಲ್ಲಿ ಕಾರು ನಿಲ್ಲಿಸಿ ಔಷಧ ಹೊಡೆಯುವ ಪಂಪಿಗೋ, ರಾತ್ರಿ ಹಂದಿ ಕಾಯುವ ಲೈಟಿಗೋ ವಯರ್ ಎಳೆಯಲು ಸಲೀಸು.

ಮೂರೂ ಸುಳ್ಳಲ್ಲ. ಆದರೂ ನನ್ನ ಅಭಿಪ್ರಾಯ ಬೇರೆ. ನಮ್ಮಂಥ ಸಣ್ಣ ರೈತರ ಕಾರುಗಳಲ್ಲಿ ಬಹುಪಾಲಿಗೆ ಈ ಕೆಲಸ ಬೇಡ. ಬೇಕೇ ಬೇಕು ಅನ್ನುವವರೂ ಡಿಕ್ಕಿಯೊಳಗೆ ಮಳೆನೀರು ಎಲ್ಲಿಂದ ಬರುತ್ತದೆ ಎಂದು ಗೊತ್ತಾಗುವ ತನಕ ಬ್ಯಾಟರಿಗೆ ಕೈ ಹಚ್ಚಬಾರದು.

ರೈತನ ಡಿಕ್ಕಿ ಬೇರೆ

ಪಟ್ಟಣದವರ ಡಿಕ್ಕಿಯಲ್ಲಿ ಬಟ್ಟೆಯ ಬ್ಯಾಗು ಇರುತ್ತದೆ. ನಮ್ಮ ಡಿಕ್ಕಿಯಲ್ಲಿ ಬಿತ್ತನೆ ಸೋಯಾ, ಯೂರಿಯಾ, ಪೊಟ್ಯಾಷ್ ಚೀಲ, ಕೀಟನಾಶಕದ ಬಾಟಲಿ, ಹುಲ್ಲು ಕತ್ತರಿಸುವ ಯಂತ್ರದ ಪೆಟ್ರೋಲ್ ಕ್ಯಾನು. ಬಸವಕಲ್ಯಾಣಕ್ಕೋ ಹುಮನಾಬಾದಿಗೋ ಪೇಟೆಗೆ ಹೋಗುವ ಗಾಡಿಯೇ ರಾತ್ರಿ ಹೊಟ್ಟೆನೋವು ಬಂದವರನ್ನು ಬೀದರಿಗೆ ಮುಟ್ಟಿಸುವ ಗಾಡಿ.

ಗೊಬ್ಬರದ ಪುಡಿ ಮ್ಯಾಟಿನ ಕೆಳಗೆ ಉದುರಿರುತ್ತದೆ. ಅದು ಒಣಗಿದ್ದಾಗ ಸುಮ್ಮನಿರುತ್ತದೆ. ನೀರು ತಾಗಿತೋ, ಉಪ್ಪುನೀರಾಗಿ ತಗಡು ತಿನ್ನುತ್ತದೆ. ಅದೇ ಉಪ್ಪುನೀರು ವಯರಿನ ಕೂಡುಗಳಿಗೆ ಸೇರಿದರೆ ಕರೆಂಟು ಸೋರುತ್ತದೆ. ಬ್ಯಾಟರಿ ಬಿಸಿಲಿಗೆ ಸಾಯುತ್ತಿದೆ ಅಂತ ತಿಳಿದು ಹಿಂದಕ್ಕೆ ತಂದವರ ಬ್ಯಾಟರಿ ಅಲ್ಲಿ ತೇವಕ್ಕೆ ಸಾಯುತ್ತದೆ. ಬ್ಯಾಟರಿಯ ಮಾತು ಬಿಡಿ, ನೀರು ನಿಲ್ಲುವ ಡಿಕ್ಕಿಯಲ್ಲಿ ಎರಡು ರಾತ್ರಿ ಇಟ್ಟ ಸೋಯಾ ಬೀಜದ ಮೊಳಕೆಯನ್ನು ಯಾರು ನಂಬುತ್ತಾರೆ?

ಹನಿ ಬಿದ್ದಲ್ಲಿ ತೂತು ಇರುವುದಿಲ್ಲ

ಈ ವಿದ್ಯೆ ನಮಗೆ ಹೊಸದಲ್ಲ. ಮಣ್ಣಿನ ಮಾಳಗಿ ಮನೆಯಲ್ಲಿ ಬೆಳೆದವರಿಗೆ ಗೊತ್ತು: ಹನಿ ಬೀಳುವುದು ಒಲೆಯ ಮೇಲೆ, ಮೇಲುಮುದ್ದೆ ಬಿರಿದಿರುವುದು ಪಡಸಾಲೆಯ ಕಡೆ. ನೀರು ಜಂತಿ ಹಿಡಿದು ಹರಿದು, ಎಲ್ಲಿ ಇಳಿಜಾರು ಸಿಕ್ಕಿತೋ ಅಲ್ಲಿ ಬೀಳುತ್ತದೆ. ಕಾರಿನ ತಗಡಿನ ಮಡಿಕೆಗಳಲ್ಲೂ ನೀರಿನ ಗುಣ ಇದೇ.

ನನ್ನ ಕಾರಿನಲ್ಲಿ ಸ್ಟೆಪ್ನಿ ಗುಂಡಿಯ ಎಡಕ್ಕೆ ನೀರು ನಿಲ್ಲುತ್ತಿತ್ತು. ನೋಡಿದವರೆಲ್ಲ “ಡಿಕ್ಕಿ ರಬ್ಬರ್ ಹೋಗ್ಯದ್ರಿ, ಬದಲಿ ಮಾಡ್ರಿ” ಎಂದರು. ಹುಡುಕಿದಾಗ ನೀರು ಬರುತ್ತಿದ್ದದ್ದು ಬಲಗಡೆಯ ಹಿಂದಿನ ದೀಪದ ಸುತ್ತಿನಿಂದ. ನಮ್ಮ ಅಂಗಳ ಎಡಕ್ಕೆ ಇಳಿಜಾರು, ಅದಕ್ಕೇ ನೀರು ಎಡಕ್ಕೆ. ಹೊಸ ರಬ್ಬರ್ ಹಾಕಿಸಿದ್ದರೆ ರೊಕ್ಕವೂ ಹೋಗುತ್ತಿತ್ತು, ನೀರೂ ಉಳಿಯುತ್ತಿತ್ತು.

ಹುಡುಕುವ ಕ್ರಮ

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ನೀರು ಬರುವುದು ಕಾರು ನಿಂತಾಗಲೋ, ಓಡಿದಾಗಲೋ? ಮಳೆಯಲ್ಲಿ ನಿಂತಾಗ ಬಂದರೆ ದೋಷ ಮೇಲೆ: ಹಿಂದಿನ ಗಾಜಿನ ಸುತ್ತು, ಚಾವಣಿಯ ಕಾಲುವೆ, ಡಿಕ್ಕಿಯ ಕೀಲು, ದೀಪ, ನಂಬರ್ ಪ್ಲೇಟಿನ ಲೈಟು, ಏರಿಯಲ್ ಬುಡ. ಒದ್ದೆ ರಸ್ತೆಯಲ್ಲಿ ಓಡಿದಾಗ ಮಾತ್ರ ಬಂದರೆ ಗಾಲಿ ಎರಚುವ ನೀರು ಕೆಳಗಿನ ಬೆಸುಗೆಯಿಂದಲೋ, ಬಿದ್ದುಹೋದ ರಬ್ಬರ್ ಬಿರಡೆಯ ತೂತಿನಿಂದಲೋ ಏರುತ್ತಿದೆ. ಹಿಂದೆ ಪೆಟ್ಟು ತಿಂದು ತಗಡು ಬಡಿದು ಸರಿಮಾಡಿದ ಕಾರಾದರೆ ಆ ಬದಿಯನ್ನೇ ಮೊದಲು ನೋಡಬೇಕು. ಸೆಕೆಂಡ್‌ಹ್ಯಾಂಡ್ ಕಾರು ಕೊಂಡವರು ಇದನ್ನು ಮರೆಯಬಾರದು.

ಆಮೇಲೆ ಡಿಕ್ಕಿ ಪೂರ್ತಿ ಖಾಲಿ ಮಾಡಿ. ಮ್ಯಾಟು, ಸ್ಟೆಪ್ನಿ, ಬದಿಯ ರಟ್ಟು ಎಲ್ಲ ಹೊರಗೆ. ಒಂದು ದಿನ ಬಿಸಿಲಿಗೆ ತೆರೆದಿಟ್ಟು ಒಣಗಿಸಿ, ಮೂಲೆಮೂಲೆಗೂ ಸೀಮೆಸುಣ್ಣದ ಪುಡಿ ತೆಳ್ಳಗೆ ಉದುರಿಸಿ. ನೀರು ಬಂದ ದಾರಿಯಲ್ಲಿ ಗೆರೆ ಬೀಳುತ್ತದೆ. ಆ ಗೆರೆಯನ್ನು ಮೇಲಕ್ಕೆ ಹಿಂಬಾಲಿಸಿದರೆ ತೂತು ಸಿಗುತ್ತದೆ.

ನೀರು ಬಿಡುವಾಗ ಪೈಪಿನ ಜೋರು ಬೇಡ. ಜೋರು ನೀರು ಇಲ್ಲದ ತೂತನ್ನೂ ತೋರಿಸುತ್ತದೆ. ಮೆಲ್ಲಗೆ, ಕೆಳಗಿನಿಂದ ಮೇಲಕ್ಕೆ, ಒಂದೊಂದು ಜಾಗಕ್ಕೆ ಐದು ನಿಮಿಷ. ಮೇಲಿನಿಂದ ಶುರು ಮಾಡಿದರೆ ಕೆಳಗಿನದೆಲ್ಲ ಒದ್ದೆಯಾಗಿ ಯಾವುದು ಕಳ್ಳ, ಯಾವುದು ಸಾಕ್ಷಿ ಗೊತ್ತಾಗುವುದಿಲ್ಲ. ಹಿಂದಿನ ಸೀಟು ಮಡಚಲು ಬರುವ ಗಾಡಿಯಾದರೆ ಒಬ್ಬರು ಒಳಗಿಂದ ಬ್ಯಾಟರಿ ಲೈಟು ಹಿಡಿದು ನೋಡಬಹುದು. ಬಾರದಿದ್ದರೆ ಹಳೆಯ ಪೇಪರ್ ಹಾಸಿ, ಒದ್ದೆಯಾದ ಜಾಗ ನೋಡಿದರೆ ಸಾಕು. ಮಕ್ಕಳನ್ನು ಒಳಗೆ ಕೂಡಿಸಿ ಡಿಕ್ಕಿ ಮುಚ್ಚುವ ಆಟ ಖಂಡಿತ ಬೇಡ.

ರಬ್ಬರಿನ ಮೇಲೆ ಸಂಶಯ ಇದ್ದರೆ ಒಂದು ಕಾಗದದ ಪಟ್ಟಿ ಇಟ್ಟು ಡಿಕ್ಕಿ ಮುಚ್ಚಿ, ಪಟ್ಟಿ ಎಳೆಯಿರಿ. ಬಿಗಿಯಾಗಿ ಬಂದರೆ ರಬ್ಬರ್ ಹಿಡಿದಿದೆ, ಸರಕ್ಕನೆ ಬಂದರೆ ಅಲ್ಲಿ ಸಡಿಲ. ಇನ್ನೊಂದು ಉಪಾಯವೂ ಇದೆ. ಕಿಟಕಿಗಳನ್ನೆಲ್ಲ ಮುಚ್ಚಿ, ಹೊರಗಿನ ಗಾಳಿ ಎಳೆಯುವಂತೆ ಮಾಡಿ ಬ್ಲೋವರ್ ಪೂರ್ತಿ ಜೋರಿಗೆ ಇಡಿ. ಹೊರಗಿನಿಂದ ಸಂದುಗಳಿಗೆ ಸಾಬೂನು ನೀರು ಹಚ್ಚಿದರೆ ಗಾಳಿ ಬರುವಲ್ಲಿ ಗುಳ್ಳೆ ಏಳುತ್ತದೆ. ಪಂಕ್ಚರ್ ಹುಡುಕಿದ ಹಾಗೆಯೇ.

ಸಿಕ್ಕ ತೂತಿಗೆ ಹಳೆಯ ಮೇಣ ಕೆರೆದು, ತುಕ್ಕು ಉಜ್ಜಿ, ಪೂರ್ತಿ ಒಣಗಿದ ಮೇಲೆಯೇ ಮದ್ದು ಹಚ್ಚಬೇಕು. ಕಾರಿನ ತಗಡಿನ ಬೆಸುಗೆಗೆಂದೇ ಬರುವ ಪಾಲಿಯುರಿಥೇನ್ ಸೀಲರ್ ಒಳ್ಳೆಯದು. ಹುಳಿ ವಾಸನೆ ಹೊಡೆಯುವ ಸಿಲಿಕಾನ್ ಬೇಡ, ಆ ಹುಳಿಯೇ ತಗಡಿಗೆ ತುಕ್ಕು ತರಿಸುತ್ತದೆ. ಕೆಲವರು “ಕೆಳಗೊಂದು ತೂತು ಹೊಡೀರಿ, ನೀರು ತಾನೇ ಹೋಗ್ತದ” ಅಂತಾರೆ. ಅದು ಒಡ್ಡು ಒಡೆದಲ್ಲಿ ಮಣ್ಣು ಹಾಕದೆ ಹೊಲದಲ್ಲಿ ಇನ್ನೊಂದು ಕಾಲುವೆ ತೋಡಿದ ಹಾಗೆ.

ಬ್ಯಾಟರಿ ಹಿಂದಕ್ಕೆ ಹೋದರೆ ಏನೇನು ಬೇಕು

ಡಿಕ್ಕಿ ಒಣಗಿತು ಎಂದುಕೊಳ್ಳೋಣ. ಈಗಲಾದರೂ ಬ್ಯಾಟರಿ ತರಬಹುದೇ? ತರಬಹುದು, ಆದರೆ ಖರ್ಚಿನ ಪಟ್ಟಿ ಪೂರ್ತಿ ನೋಡಿ.

ಒಂದು, ಕೇಬಲ್. ಬೋರ್‌ವೆಲ್ಲಿಗೆ ಸಣ್ಣ ಕೇಬಲ್ ಇಳಿಸಿದರೆ ಮೋಟಾರು ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಸ್ಟಾರ್ಟರ್ ಎಳೆಯುವಾಗ 200 ಆಂಪಿಯರ್ ಹರಿಯುತ್ತದೆ ಎಂದು ಇಟ್ಟುಕೊಳ್ಳಿ. 5 ಮೀಟರ್ ಉದ್ದದ 16 ಚದರ ಮಿ.ಮೀ. ತಾಮ್ರದ ಕೇಬಲ್ಲಿನಲ್ಲಿ ಸುಮಾರು 1 ವೋಲ್ಟ್ ದಾರಿಯಲ್ಲೇ ಉಳಿಯುತ್ತದೆ. 35 ಚದರ ಮಿ.ಮೀ. ಹಾಕಿದರೆ ಅರ್ಧ ವೋಲ್ಟ್. ಇರುವುದೇ 12 ವೋಲ್ಟ್ ಅನ್ನುವುದು ನೆನಪಿರಲಿ.

ಎರಡು, ಫ್ಯೂಸ್. ಇದು ಜೀವದ ಪ್ರಶ್ನೆ. ಉದ್ದ ಕೇಬಲ್ ತಗಡಿನ ತೂತಿನಲ್ಲಿ ಉಜ್ಜಿ ಸಿಪ್ಪೆ ಹೋದರೆ ಬ್ಯಾಟರಿಯ ಪೂರ್ತಿ ಶಕ್ತಿ ಅಲ್ಲೇ ಸುರಿದು ಕೇಬಲ್ ಕೆಂಪಗೆ ಕಾಯುತ್ತದೆ. ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ ಸ್ಟಾರ್ಟರಿಗೆ ತಕ್ಕ ದೊಡ್ಡ ಫ್ಯೂಸ್ ಇರಲೇಬೇಕು. ತಗಡು ದಾಟುವಲ್ಲೆಲ್ಲ ರಬ್ಬರ್ ಬಳೆ ಇರಲೇಬೇಕು.

ಮೂರು, ಗಾಳಿ. ಚಾರ್ಜ್ ಆಗುವಾಗ ಬ್ಯಾಟರಿ ಜಲಜನಕ ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಒಂದು ಕಿಡಿ ಸಾಕು. ಮುಚ್ಚಿದ ಡಿಕ್ಕಿಯಲ್ಲಿ ಬ್ಯಾಟರಿಯನ್ನು ಮುಚ್ಚಳದ ಪೆಟ್ಟಿಗೆಯಲ್ಲಿಟ್ಟು, ನಳಿಗೆಯಿಂದ ಆ ಗಾಳಿಯನ್ನು ಕಾರಿನ ಹೊರಗೆ ಬಿಡಬೇಕು. ಡಿಕ್ಕಿಯಲ್ಲಿ ಗ್ಯಾಸ್ ಸಿಲಿಂಡರ್ ಇರುವ ಕಾರಾದರೆ ಈ ವಿಚಾರವನ್ನೇ ಬಿಟ್ಟುಬಿಡಿ. ಪೆಟ್ರೋಲ್ ಕ್ಯಾನು ಒಯ್ಯುವವರೂ ಬಿಡಬೇಕು.

ನಾಲ್ಕು, ಹಿಡಿತ. ಹತ್ತು ಹನ್ನೆರಡು ಕಿಲೋ ತೂಕದ ಆಸಿಡ್ ಪೆಟ್ಟಿಗೆ ಪ್ಲಾಸ್ಟಿಕ್ ಹಗ್ಗಕ್ಕೆ ನಿಲ್ಲುವುದಿಲ್ಲ. ಕಬ್ಬಿಣದ ಪಟ್ಟಿ, ಬೋಲ್ಟು ಬೇಕು. ಆ ಬೋಲ್ಟಿನ ತೂತೂ ನೀರಿಗೆ ಇನ್ನೊಂದು ಬಾಗಿಲೇ. ಅದಕ್ಕೂ ಸೀಲರ್ ಹಚ್ಚಬೇಕು.

“ವಿದೇಶಿ ಕಾರಿನಾಗ ಹಿಂದೇ ಇರ್ತದಲ್ಲ?” ಎಂದು ಕೇಳುವವರಿದ್ದಾರೆ. ಹೌದು, 1959ರಲ್ಲಿ ಬ್ರಿಟನ್ನಿನಲ್ಲಿ ಬಂದ ಮಿನಿ ಕಾರಿನ ಬ್ಯಾಟರಿ ಡಿಕ್ಕಿಯಲ್ಲೇ ಇತ್ತು. ಬಿ.ಎಂ.ಡಬ್ಲ್ಯು. ಕಂಪನಿಯ ಅನೇಕ ಕಾರುಗಳಲ್ಲೂ ಅಲ್ಲೇ. ಆದರೆ ಬಿ.ಎಂ.ಡಬ್ಲ್ಯು.ದವರು ಗಾಳಿ ನಳಿಗೆ ಕೊಟ್ಟಿದ್ದಾರೆ, ಅಪಘಾತವಾದರೆ ಪ್ಲಸ್ ಕೇಬಲ್ ತಾನೇ ಕಳಚಿಕೊಳ್ಳುವ ವ್ಯವಸ್ಥೆ ಇಟ್ಟಿದ್ದಾರೆ. ಬ್ಯಾಟರಿಯ ಜಾಗ ಮಾತ್ರ ನಕಲು ಮಾಡಿ ಉಳಿದದ್ದನ್ನು ಬಿಟ್ಟರೆ ಅದು ಅರ್ಧ ಕಲಿತ ವಿದ್ಯೆ.

ಹಾಗಾದರೆ ಮಾಡುವುದೇನು?

ಬ್ಯಾಟರಿ ಬೇಗ ಸೋಲುತ್ತಿದೆಯೇ? ಜಾಗ ಬದಲಿಸುವ ಮೊದಲು ಒಂದು ಮೀಟರ್ ಹಿಡಿಯಿರಿ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಸುಮಾರು 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ. ಎಂಜಿನ್ ಓಡುವಾಗ 13.8ರಿಂದ 14.4 ಬರಬೇಕು. ಬಾರದಿದ್ದರೆ ದೋಷ ಆಲ್ಟರ್ನೇಟರಿನದೋ, ಬೆಲ್ಟಿನದೋ, ಅರ್ಥಿಂಗಿನದೋ. ಬ್ಯಾಟರಿಯನ್ನು ಎಲ್ಲಿ ಕೂಡಿಸಿದರೂ ಅದು ಹೋಗುವುದಿಲ್ಲ. ಬಿಸಿಲಿನ ಭಯಕ್ಕೆ ಕಾರನ್ನು ಬೇವಿನ ನೆರಳಿಗೆ ನಿಲ್ಲಿಸಿ, ಡಿಸ್ಟಿಲ್ಡ್ ವಾಟರ್ ಮಟ್ಟ ನೋಡುತ್ತ ಇದ್ದರೆ ಬಹಳವಾಯಿತು. ಬೋರಿನ ನೀರು ಮಾತ್ರ ಹಾಕಬೇಡಿ.

ಹೊಲದ ಲೈಟು, ಪಂಪಿಗೆ ಬೇರೆ ಒಂದು ಬ್ಯಾಟರಿ ಇಟ್ಟುಕೊಳ್ಳುವುದೇ ಮೇಲು. ಮನೆಯಲ್ಲಿ ಚಾರ್ಜ್ ಮಾಡಿ ಒಯ್ದರೆ ಆಯಿತು. ಕಾರಿನ ಬ್ಯಾಟರಿಯನ್ನು ರಾತ್ರಿ ಹಂದಿ ಕಾಯಲು ಹಿಂಡಿದರೆ ಬೆಳಿಗ್ಗೆ ಕಾರು ತಳ್ಳಲು ನಾಲ್ಕು ಆಳು ಬೇಕು.

ಗ್ಯಾರೇಜಿನವರ ಮೇಲೆ ನನಗೆ ಸಿಟ್ಟಿಲ್ಲ. ನಾವು ಕೇಳಿದ್ದನ್ನು ಅವರು ಮಾಡುತ್ತಾರೆ. ನಾವು “ಬ್ಯಾಟರಿ ಹಿಂದ ಹಾಕ್ರಿ” ಅಂದರೆ ಹಾಕುತ್ತಾರೆ. “ನೀರು ಎಲ್ಲಿಂದ ಬರ್ತದ ತೋರಿಸ್ರಿ” ಎಂದು ಕೇಳುವವರು ನಾವಾಗಬೇಕು. ಮುಂಗಾರು ಬರುವ ಮೊದಲೇ, ಹೊಲದ ಒಡ್ಡು ನೋಡಿದ ಹಾಗೆ, ಒಂದು ಮಧ್ಯಾಹ್ನ ಡಿಕ್ಕಿಯನ್ನೂ ನೋಡಿ. ಬೇಕಾದದ್ದು ಸೀಮೆಸುಣ್ಣ, ಒಂದು ಕೊಡ ನೀರು, ತಾಳ್ಮೆ. ಇದಕ್ಕಿಂತ ಸುಲಭದ ದಾರಿ ಕಂಡುಕೊಂಡವರು ಪತ್ರಿಕೆಗೆ ಬರೆಯಿರಿ.