ಬೀದಿಯ ಕಟ್ಟುಪಾಡು

ಪೇಟೆಯ ಹೊಸ ಬಡಾವಣೆಗಳಿಗೆ ಹೋದರೆ ಗೇಟಿನ ಹತ್ತಿರವೇ ಒಂದು ಬೋರ್ಡು ನೆಟ್ಟಿರುತ್ತಾರೆ, ನೋಡಿದ್ದೀರಲ್ಲ? ಇಲ್ಲಿ ಕಸ ಹಾಕಬೇಡಿ, ಅಲ್ಲಿ ಗಾಡಿ ನಿಲ್ಲಿಸಬೇಡಿ, ರಾತ್ರಿ ಹತ್ತರ ಮೇಲೆ ಗಲಾಟೆ ಮಾಡಬೇಡಿ ಅಂತ. ಮಾರ್ಟಳ್ಳಿಯ ನಮ್ಮ ಬೀದಿಗೆ ಗೇಟೂ ಇಲ್ಲ, ಬೋರ್ಡೂ ಇಲ್ಲ. ಹನ್ನೆರಡು ಮನೆ, ಒಂದು ನಲ್ಲಿ, ಒಂದು ಬೇವಿನ ಮರ, ಅಷ್ಟೆ. ಆದರೂ ನಾವು ಹೆಂಗಸರೇ ಕೂತು ಮಾಡಿಕೊಂಡ ಒಂದಿಷ್ಟು ಕಟ್ಟುಪಾಡು ಇದೆ. ಅದರಲ್ಲಿ ಮೊದಲನೆಯದು ಕಸದ ಮಾತಲ್ಲ, ವಿಷದ ಮಾತು. ಯಾಕೆ ಅಂದರೆ ಸುಳ್ವಾಡಿ ನಮಗೆ ಪಕ್ಕದ ಊರು.

2018ರ ಡಿಸೆಂಬರ್ 14, ಶುಕ್ರವಾರ. ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಗೋಪುರಕ್ಕೆ ಶಂಕುಸ್ಥಾಪನೆ ಇತ್ತು. ಪೂಜೆ ಮುಗಿದ ಮೇಲೆ ಬಂದವರಿಗೆಲ್ಲ ರೈಸ್ ಬಾತ್ ಪ್ರಸಾದ ಕೊಟ್ಟರು. ಓಂ ಶಕ್ತಿಗೆ ಮಾಲೆ ಹಾಕಿದ ಹೆಂಗಸರಿದ್ದರು, ಕೂಲಿಗೆ ಹೋಗುವವರಿದ್ದರು, ಮಕ್ಕಳಿದ್ದರು. ತಿಂದ ಸ್ವಲ್ಪ ಹೊತ್ತಿಗೇ ವಾಂತಿ ಶುರುವಾಯಿತು. ಎಲೆಯಲ್ಲಿ ಬಿಟ್ಟಿದ್ದನ್ನು ಕುಕ್ಕಿದ ಕಾಗೆಗಳೂ ಸತ್ತು ಬಿದ್ದವು. ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, 17 ಜನ ತೀರಿಕೊಂಡರು. ಬಿದರಹಳ್ಳಿ, ಮಾರ್ಟಳ್ಳಿ ಸುತ್ತಿನ ಮನೆಗಳವರೇ ಹೆಚ್ಚು. ಬೆಳೆಗೆ ಹೊಡೆಯುವ ಮಾನೋಕ್ರೋಟೋಫಾಸ್ ಎಂಬ ಕೀಟನಾಶಕವನ್ನು, ಗುಡಿಯ ಆಡಳಿತದ ಜಗಳದಲ್ಲಿ, ಬೇಕೆಂದೇ ಬೆರೆಸಿದರು ಎಂದು ಪೊಲೀಸರು ಹೇಳಿದರು.

ಇಷ್ಟು ಹೇಳಿದರೆ ನೀವು ಕೇಳಬಹುದು: ಬೇಕೆಂದೇ ಮಾಡಿದ ಪಾಪಕ್ಕೆ ನಮ್ಮ ಬೀದಿಯ ಕಟ್ಟುಪಾಡು ಏನು ಮಾಡೀತು? ಸರಿಯಾದ ಪ್ರಶ್ನೆ. ಅದಕ್ಕೇ ಇನ್ನೊಂದು ಕಡೆಯ ಮಾತನ್ನೂ ಹೇಳುತ್ತೇನೆ. ಬಿಹಾರದ ಸಾರಣ್ ಜಿಲ್ಲೆಯಲ್ಲಿ ಗಂಡಾಮನ್ ಅಂತ ಒಂದು ಹಳ್ಳಿ. 2013ರ ಜುಲೈ 16ರಂದು ಅಲ್ಲಿನ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಅಲ್ಲೂ ಇದೇ ಮಾನೋಕ್ರೋಟೋಫಾಸ್. ಅಡಿಗೆ ಎಣ್ಣೆಯಲ್ಲಿ ಅದು ಸೇರಿತ್ತು. ಎಣ್ಣೆಯನ್ನು ಆ ವಿಷದ ಡಬ್ಬದಲ್ಲಿ ಇಟ್ಟಿದ್ದರು ಅಂತ ಹೊರಬಂತು. ಒಂದು ಖಾಲಿ ಡಬ್ಬ, ಅಷ್ಟೇ ನೋಡಿ. ಡಬ್ಬ ಗಟ್ಟಿಯಾಗಿದೆ, ಮುಚ್ಚಳ ಬಿಗಿಯಾಗಿದೆ, ಬಿಸಾಕೋದು ಯಾಕೆ ಅಂತ ನಾವೂ ಅನ್ನುವವರೇ ಅಲ್ಲವೇ?

ನಮ್ಮಲ್ಲಿ ಮುಸುಕಿನ ಜೋಳ, ಅರಿಶಿನ ಬೆಳೆಯುವವರು ಜಾಸ್ತಿ, ಆದ್ದರಿಂದ ಎಲ್ಲರ ಮನೆಯಲ್ಲೂ ಒಂದಲ್ಲ ಒಂದು ಬಾಟಲಿ ಇರುತ್ತದೆ. ಅದನ್ನು ಕರೆಯುವುದು ಹೇಗೆ? 'ಔಷಧಿ'. ತಮಿಳು ಮಾತಾಡುವ ಮನೆಗಳಲ್ಲಿ 'ಮರುಂದು'. ಎರಡಕ್ಕೂ ಮದ್ದು ಅಂತಲೇ ಅರ್ಥ. ಕೆಮ್ಮಿಗೆ ಕೊಡುವುದೂ ಔಷಧಿ, ಹುಳಕ್ಕೆ ಹೊಡೆಯುವುದೂ ಔಷಧಿ ಅಂದರೆ ನಾಲ್ಕು ವರ್ಷದ ಕೂಸಿಗೆ ಏನು ಗೊತ್ತಾಗಬೇಕು! ನಮ್ಮ ಬೀದಿಯಲ್ಲಿ ಈಗ ಅದನ್ನು 'ವಿಷ' ಅಂತಲೇ ಕರೆಯಬೇಕು ಎಂದು ಮಾಡಿದ್ದೇವೆ. ಗಂಡಸರು ಮೊದಲು ನಕ್ಕರು. "ವಿಷ ತರೋಕೆ ಕೊಳ್ಳೇಗಾಲಕ್ಕೆ ಹೋಗ್ತೀನಿ ಅಂದ್ರೆ ಬಸ್ಸಿನೋರು ಏನಂದ್ಕೊಂಡಾರು?" ಅಂದರು. ಅಂದುಕೊಳ್ಳಲಿ ಬಿಡಿ.

ಆ ಬಾಟಲಿ ಅಡಿಗೆಮನೆಯಲ್ಲಿ, ಅಟ್ಟದ ಮೇಲೆ, ಮಂಚದ ಕೆಳಗೆ ಇರಕೂಡದು. ಕೊಟ್ಟಿಗೆಯಲ್ಲೋ ಪಂಪ್‌ಸೆಟ್ ಮನೆಯಲ್ಲೋ ಎತ್ತರದಲ್ಲಿ ಒಂದು ತಗಡಿನ ಪೆಟ್ಟಿಗೆ, ಅದಕ್ಕೆ ಬೀಗ. ಬೀಗದ ಕೈ ಮನೆಯ ಹಿರಿಯ ಹೆಂಗಸಿನ ಹತ್ತಿರ. ಇದು ಮಕ್ಕಳಿಗಾಗಿ ಮಾತ್ರ ಅಲ್ಲ. ಸಾಲ ಅಂತ, ಜಗಳ ಅಂತ ಯಾರಿಗಾದರೂ ಒಂದು ಕೆಟ್ಟ ಗಳಿಗೆ ಬರುತ್ತದೆ. ಆ ಗಳಿಗೆಯಲ್ಲಿ ಅದು ಕೈಗೆ ಸಿಗಬಾರದು. ಬೀಗದ ಕೈ ಕೇಳಿಕೊಂಡು ಅತ್ತೆಯ ಹತ್ತಿರ ಬರಬೇಕಾದರೆ ಅಷ್ಟರಲ್ಲಿ ಅತ್ತೆ ಮುಖ ನೋಡುತ್ತಾಳೆ, ನಾಲ್ಕು ಮಾತು ಕೇಳುತ್ತಾಳೆ.

ಪಕ್ಕದ ಮನೆಯವರು "ಸ್ವಲ್ಪ ಇದ್ರೆ ಕೊಡಿ ಅಕ್ಕ" ಅಂತ ಬಂದರೆ ಶರಬತ್ತಿನ ಬಾಟಲಿಗೋ ಎಣ್ಣೆ ಸೀಸೆಗೋ ಬಗ್ಗಿಸಿ ಕೊಡುವ ಹಾಗಿಲ್ಲ. ಕೊಟ್ಟರೆ ಚೀಟಿ ಅಂಟಿರುವ ಅದೇ ಬಾಟಲಿ ಕೊಡಿ, ಉಳಿದದ್ದನ್ನು ಅದರಲ್ಲೇ ವಾಪಸು ತನ್ನಿ. ಚೀಟಿಯ ಮೇಲೆ ಒಂದು ಬಣ್ಣದ ತ್ರಿಕೋನ ಇರುತ್ತದೆ, ಅದನ್ನು ಓದು ಬಾರದವರೂ ಗುರುತಿಸಬಹುದು. ಕೆಂಪು ಅಂದರೆ ಅತಿ ಘೋರ ವಿಷ, ತಲೆಬುರುಡೆ ಚಿತ್ರವೂ ಇರುತ್ತದೆ. ಅದಕ್ಕಿಂತ ಕಡಿಮೆ ಹಳದಿ, ಆಮೇಲೆ ನೀಲಿ, ಎಲ್ಲಕ್ಕಿಂತ ಕಡಿಮೆ ಹಸಿರು. ಹಸಿರು ಅಂತ ಸಲಿಗೆ ಬೇಡ, ಅದೂ ಕುಡಿಯುವ ವಸ್ತುವಲ್ಲ. ಮಾನೋಕ್ರೋಟೋಫಾಸ್ ಕೆಂಪಿನದು. ಅದನ್ನು ತರಕಾರಿಗೆ ಹೊಡೆಯಬಾರದು ಎಂದು 2005ರಲ್ಲೇ ನಿಷೇಧವಾಗಿತ್ತು. ಎಲ್ಲಾ ಕಡೆ ಸಿಗುತ್ತಿದ್ದ ಅದರ ದ್ರವವನ್ನೂ ಕೇಂದ್ರ ಸರ್ಕಾರ 2023ರಲ್ಲಿ ನಿಷೇಧಿಸಿತು. ಆದರೆ ಅಟ್ಟದ ಮೇಲಿನ ಹಳೆ ಬಾಟಲಿಗೆ ಸರ್ಕಾರದ ಆದೇಶ ಓದಲು ಬರುವುದಿಲ್ಲ. ಹುಡುಕಿ ನೋಡಿ.

ಖಾಲಿ ಡಬ್ಬವನ್ನು ಎಷ್ಟು ಸಲ ತೊಳೆದರೂ ಅಡಿಗೆಗೆ, ನೀರಿಗೆ, ಕರುವಿಗೆ ಹಾಲು ಕುಡಿಸುವುದಕ್ಕೆ ಬಳಸಕೂಡದು. ತೂತು ಮಾಡಿ, ಜಜ್ಜಿ, ಬಾವಿ ಕೆರೆಯಿಂದ ದೂರ ಹೂಳಬೇಕು. ನಲ್ಲಿ ಕಟ್ಟೆಯ ಹತ್ತಿರ ಸ್ಪ್ರೇಯರ್ ತೊಳೆಯುವುದಕ್ಕೆ ನಮ್ಮಲ್ಲಿ ಅಪ್ಪಣೆಯಿಲ್ಲ, ತೊಳೆದವರಿಗೆ ಬೀದಿಯವರೆಲ್ಲ ಸೇರಿ ಬಯ್ಯುತ್ತೇವೆ.

ಇನ್ನು ಸಾಮೂಹಿಕ ಅಡಿಗೆ. ಮಾರಮ್ಮನ ಹಬ್ಬ ಇರಲಿ, ಚರ್ಚಿನ ಹಬ್ಬ ಇರಲಿ, ನಾಮಕರಣ ಇರಲಿ, ನಮ್ಮೂರಲ್ಲಿ ಹಂಡೆ ಇಟ್ಟರೆ ಇಡೀ ಬೀದಿಗೆ ಊಟ. ಹಂಡೆ ಒಲೆಯ ಮೇಲೆ ಇರುವಷ್ಟು ಹೊತ್ತೂ ಇಬ್ಬರು ಅಲ್ಲೇ ಇರಬೇಕು, ಒಬ್ಬರು ಎದ್ದರೆ ಇನ್ನೊಬ್ಬರು ಕೂರಬೇಕು. ಎಣ್ಣೆ, ಬೇಳೆ ಯಾವ ಅಂಗಡಿಯದು, ಯಾವ ಡಬ್ಬದಲ್ಲಿ ಬಂತು ಅಂತ ನೋಡಿಯೇ ಸುರಿಯುವುದು. ಬಡಿಸುವ ಮೊದಲು ಅಡಿಗೆ ಮಾಡಿದವರೂ ಹಬ್ಬದ ಯಜಮಾನರೂ ಒಂದೊಂದು ತುತ್ತು ತಿಂದು ಅರ್ಧ ಗಂಟೆ ಕಾಯಬೇಕು. ಮಕ್ಕಳ ಪಂಕ್ತಿ ಮೊದಲನೆಯದಲ್ಲ. ಇದಕ್ಕೆ ಒಬ್ಬ ಹಿರಿಯರು ಬೇಸರ ಮಾಡಿಕೊಂಡರು. "ಹಾಗಾದ್ರೆ ನಮ್ಮ ಮೇಲೇ ಅನುಮಾನವೇನಮ್ಮ?" ಅಂದರು. ಶಾಲೆಯ ಬಿಸಿಯೂಟವನ್ನು ಮೇಷ್ಟರು ಮೊದಲು ರುಚಿ ನೋಡಿಯೇ ಮಕ್ಕಳಿಗೆ ಬಡಿಸಬೇಕೆಂಬ ನಿಯಮ ಇದೆಯಲ್ಲ ಅಜ್ಜಾ, ಅದೇನು ಮೇಷ್ಟರ ಮೇಲಿನ ಅನುಮಾನವೇ, ಎಂದೆ. ಆಮೇಲೆ ಸುಮ್ಮನಾದರು. ಹಾಗಂತ ತುತ್ತು ತಿಂದು ನೋಡಿದ್ದೊಂದೇ ಸಾಲದು, ಸ್ವಲ್ಪ ವಿಷ ಒಬ್ಬೊಬ್ಬರಿಗೆ ತಡವಾಗಿ ಏರುತ್ತದೆ. ಅದಕ್ಕೇ ವಾಸನೆಗೆ ಮರ್ಯಾದೆ ಕೊಡಿ ಅನ್ನುವುದು. ಏನೋ ಒಂಥರಾ ವಾಸನೆ ಅಂತ ಯಾರು ಹೇಳಿದರೂ, ಚಿಕ್ಕ ಹುಡುಗಿ ಹೇಳಿದರೂ, ಬಡಿಸುವ ಸೌಟು ಅಲ್ಲಿಗೇ ನಿಲ್ಲಬೇಕು. ದೇವರ ಪ್ರಸಾದವನ್ನು ಬೇಡ ಅನ್ನಬಾರದು ಅಂತ ನಾವೆಲ್ಲ ಕಲಿತವರು. ಕೆಟ್ಟ ವಾಸನೆಯ ಅನ್ನವನ್ನು ಪಕ್ಕಕ್ಕಿಟ್ಟರೆ ದೇವರು ಕೋಪಿಸಿಕೊಳ್ಳುವುದಿಲ್ಲ ಅಂತ ನನ್ನ ನಂಬಿಕೆ.

ಆದದ್ದು ಆಗಿಯೇ ಹೋದರೆ? ಜೊಲ್ಲು ಸುರಿಯುವುದು, ಬೆವರು, ವಾಂತಿ, ಭೇದಿ, ಕಣ್ಣಿನ ಪಾಪೆ ಸಾಸಿವೆಯಷ್ಟು ಚಿಕ್ಕದಾಗುವುದು, ಉಸಿರು ಕಟ್ಟುವುದು ಈ ಬಗೆಯ ವಿಷದ ಗುರುತು. ಸಗಣಿ ನೀರು, ಸೋಪಿನ ನೀರು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ನಮ್ಮ ಕಡೆ ಹಳೆಯ ಪದ್ಧತಿ. ದಯವಿಟ್ಟು ಮಾಡಬೇಡಿ, ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಅಪಾಯ. ಎಡಮಗ್ಗುಲಿಗೆ ಮಲಗಿಸಿ. ಮೈ ಬಟ್ಟೆಗೆ ಚೆಲ್ಲಿದ್ದರೆ ಬಟ್ಟೆ ತೆಗೆದು ಸೋಪು ಹಾಕಿ ಮೈ ತೊಳೆಯಿರಿ, ತೊಳೆಯುವವರ ಕೈಗೂ ಪ್ಲಾಸ್ಟಿಕ್ ಚೀಲ ಇರಲಿ. ಕೂಡಲೇ 108ಕ್ಕೆ ಫೋನು ಮಾಡಿ. ಬಾಟಲಿ ಅಥವಾ ಉಳಿದ ಊಟ ಡಾಕ್ಟರ ಹತ್ತಿರ ಹೋಗಲೇಬೇಕು, ಯಾವ ವಿಷ ಅಂತ ಗೊತ್ತಾದರೆ ಅವರಿಗೆ ದಾರಿ ಸುಲಭ. ಅಟ್ರೋಪಿನ್ ಎಂಬ ಇಂಜೆಕ್ಷನ್ ಇದಕ್ಕೆ ಕೊಡುತ್ತಾರೆ, ಅದು ಆಸ್ಪತ್ರೆಯಲ್ಲೇ ಆಗಬೇಕಾದ ಕೆಲಸ. ಸುಳ್ವಾಡಿಯವರನ್ನು ಕಾಮಗೆರೆ, ಕೊಳ್ಳೇಗಾಲ, ಕೊನೆಗೆ ಮೈಸೂರಿನ ತನಕ ಒಯ್ಯಬೇಕಾಯಿತು. ಇಲ್ಲಿಂದ ಮೈಸೂರು ನೂರು ಕಿಲೋಮೀಟರಿಗೂ ಹೆಚ್ಚು. ಅದಕ್ಕೇ ಬೀದಿಯಲ್ಲಿ ಯಾರ ಮನೆಯಲ್ಲಿ ಗಾಡಿ ಇದೆ, ರಾತ್ರಿ ಯಾರು ಓಡಿಸಬಲ್ಲರು ಅಂತ ಒಂದು ಪಟ್ಟಿ ಬರೆದು ಎಲ್ಲರ ಮನೆಯ ಕ್ಯಾಲೆಂಡರಿನ ಹಿಂದೆ ಅಂಟಿಸಿದ್ದೇವೆ. ಗ್ಯಾಸ್ ಸೋರಿದರೆ ಫೋನು ಮಾಡುವ 1906 ಕೂಡ ಅದರಲ್ಲೇ ಇದೆ.

ಆನೆಗಳ ಕಾಟದ ಕಟ್ಟುಪಾಡು ಬೇರೆಯೇ ದೊಡ್ಡ ಪುರಾಣ, ಅದನ್ನು ಇನ್ನೊಂದು ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಅಷ್ಟರಲ್ಲಿ ನಿಮ್ಮ ಬೀದಿಯಲ್ಲಿ ಇಂಥ ಪೆಟ್ಟಿಗೆ ಎಷ್ಟು ಮನೆಯಲ್ಲಿದೆ, ಒಪ್ಪದವರನ್ನು ಹೇಗೆ ಒಪ್ಪಿಸಿದಿರಿ ಅಂತ ಬರೆದು ತಿಳಿಸಿ. ನಮ್ಮಲ್ಲಿ ಹನ್ನೆರಡರಲ್ಲಿ ಒಂಬತ್ತು ಮನೆಗೆ ಬೀಗ ಬಿದ್ದಿದೆ, ಮೂರು ಇನ್ನೂ ಬಾಕಿ.